ಮರ ಹತ್ತದೆ ಸೊಪ್ಪು ಇಳಿಸಿ: ಬದುವಿನ ಮೇವಿನ ಮರಗಳಿಗೆ ಬೇಕಾದ ಹತ್ಯಾರು ಮತ್ತು ಕೆಲಸ



ಸಂಕ್ರಾಂತಿ ಕಳೆದು ಬದುವಿನ ಹುಲ್ಲು ಒಣಗುವ ಹೊತ್ತಿಗೆ ಹಸಿರು ಮೇವು ಉಳಿಯುವುದು ಎರಡೇ ಕಡೆ. ಒಂದು, ನೀರಾವರಿ ಇರುವವರ ನೇಪಿಯರ್ ತಾಕು. ಇನ್ನೊಂದು, ಮರದ ಮೇಲೆ. ಬೇರು ಆಳಕ್ಕೆ ಇಳಿದ ಮರ ಬೇಸಿಗೆಯಲ್ಲೂ ಸೊಪ್ಪು ಹಿಡಿದಿರುತ್ತದೆ. ಹಾಗಾಗಿ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತುವವರೂ ಆ ತಿಂಗಳುಗಳಲ್ಲೇ ಹೆಚ್ಚು. ಎರಡು ಮೂರು ರಾಸು ಇರುವ ಮನೆಯಲ್ಲಿ ಹಾಲು ಕರೆಯುವವರೇ ಬಿದ್ದು ಸೊಂಟ ಮುರಿದುಕೊಂಡರೆ, ಆಸ್ಪತ್ರೆ ಖರ್ಚು ಒಂದು ಕಡೆ, ಡೈರಿಗೆ ಹಾಲು ನಿಲ್ಲುವುದು ಇನ್ನೊಂದು ಕಡೆ.

ಇದಕ್ಕೆ ಪರಿಹಾರ ಹಗ್ಗವೂ ಅಲ್ಲ, ಏಣಿಯೂ ಅಲ್ಲ. ಮೇವಿನ ಮರವನ್ನು ಎತ್ತರ ಬೆಳೆಯಲು ಬಿಡಬಾರದು, ಅಷ್ಟೆ. ನೆಲದ ಮೇಲೆ ನಿಂತು ಕೈಗೆಟಕುವ ಎತ್ತರದಲ್ಲಿ ಮರವನ್ನು ಪಳಗಿಸಿಕೊಂಡರೆ, ಮನೆಯ ಹೆಣ್ಣುಮಕ್ಕಳೂ ವಯಸ್ಸಾದವರೂ ನಿರ್ಭಯವಾಗಿ ಸೊಪ್ಪು ಕೊಯ್ಯಬಹುದು. ಅದಕ್ಕೆ ಬೇಕಾದ ಹತ್ಯಾರು ಕೂಡ ಎರಡು ಮೂರೇ.

ಯಾವ ಮರವನ್ನು ಎಲ್ಲಿ ಕತ್ತರಿಸಬೇಕು

ಎಲ್ಲ ಮರಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಸುಬಾಬುಲ್ ಗಟ್ಟಿ ಜೀವ. ನೆಟ್ಟು ಆರು ತಿಂಗಳು ಕಳೆದ ಮೇಲೆ ನೆಲದಿಂದ ಎರಡೂವರೆ ಮೂರು ಅಡಿ ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಬಹುದು. ಆ ಮೋಟಿನ ಸುತ್ತ ಹತ್ತಾರು ಚಿಗುರು ಒಡೆಯುತ್ತವೆ. ತೇವವಿದ್ದರೆ ನಲವತ್ತು ದಿನಕ್ಕೆ, ಇಲ್ಲದಿದ್ದರೆ ಎರಡು ಎರಡೂವರೆ ತಿಂಗಳಿಗೊಮ್ಮೆ ಮತ್ತೆ ಕೊಯ್ಲು. ಕಾಯಿ ಬಲಿಯುವ ಮೊದಲೇ ಕತ್ತರಿಸಿ. ಬಲಿತ ಕಾಯಿ ಸಿಡಿದರೆ ಬೀಜ ಹೊಲದ ತುಂಬ ಹರಡಿ ಕಳೆಯಾಗುತ್ತದೆ. ಸುಬಾಬುಲ್ ಕಂಡರೆ ಕೆಲವು ರೈತರು ಮೂಗು ಮುರಿಯುವುದು ಇದಕ್ಕೇ. ತಪ್ಪು ಗಿಡದ್ದಲ್ಲ, ತಡವಾದ ಕೊಯ್ಲಿನದು.

ಗ್ಲಿರಿಸಿಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡವನ್ನು ಮೂರರಿಂದ ಐದು ಅಡಿ ಎತ್ತರದಲ್ಲಿ ಕತ್ತರಿಸಬಹುದು. ಇದರಲ್ಲಿ ಬಹಳ ಜನ ಗಮನಿಸದ ಒಂದು ಗುಣವಿದೆ. ಸುಮ್ಮನೆ ಬಿಟ್ಟರೆ ಜನವರಿ ಫೆಬ್ರವರಿಯಲ್ಲಿ ಎಲೆ ಉದುರಿಸಿ ಮರದ ತುಂಬ ಹೂ ಬಿಡುತ್ತದೆ. ನೋಡಲು ಚೆಂದ, ಆದರೆ ಮೇವು ಬೇಕಾದ ಹೊತ್ತಿಗೇ ಬರಿಗೊಂಬೆ. ಹಿಂಗಾರು ಮಳೆ ಮುಗಿಯುತ್ತಿರುವಾಗ, ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಒಮ್ಮೆ ಕತ್ತರಿಸಿದರೆ ಹೊಸ ಚಿಗುರು ಬಂದು ಬೇಸಿಗೆಯಲ್ಲಿ ಎಲೆ ನಿಲ್ಲುತ್ತದೆ. ಈ ಒಂದು ಕೊಯ್ಲನ್ನು ಮಾತ್ರ ತಪ್ಪಿಸಬೇಡಿ.

ಚೊಗಚೆ (ಅಗಸೆ ಮರ) ಹಾಗಲ್ಲ. ಸುಬಾಬುಲ್ಲಿನಂತೆ ಇದರ ಕಾಂಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಒಣಗಿಹೋಗುವುದೇ ಹೆಚ್ಚು. ಎಂಟು ತಿಂಗಳ ನಂತರ ಪಕ್ಕದ ರೆಂಬೆಗಳನ್ನು ಮಾತ್ರ ಕೊಯ್ಯಿರಿ, ನೆತ್ತಿಯಲ್ಲಿ ಒಂದಿಷ್ಟು ಎಲೆ ಯಾವಾಗಲೂ ಉಳಿಯಲಿ. ನುಗ್ಗೆಯನ್ನು ಎಷ್ಟು ಬೇಕಾದರೂ ಕತ್ತರಿಸಬಹುದು, ಹತ್ತಲು ಮಾತ್ರ ಆಗದು. ಅದರ ಕೊಂಬೆ ಮುರಿಯುವ ಮೊದಲು ಸದ್ದನ್ನೂ ಮಾಡುವುದಿಲ್ಲ.

ನೂರು ಅಡಿ ಬದುವಿನಲ್ಲಿ ಮೂರು ಅಡಿಗೊಂದರಂತೆ ಮೂವತ್ತನಾಲ್ಕು ಗಿಡ ಹಿಡಿಯುತ್ತವೆ. ದಿನಕ್ಕೆ ಒಂದೆರಡು ಗಿಡ ಕೊಯ್ಯುತ್ತಾ ಹೋದರೆ ಕೊನೆಯ ಗಿಡ ಮುಟ್ಟುವಾಗ ಮೊದಲನೆಯದು ಚಿಗುರಿರುತ್ತದೆ. ಒಂದೇ ದಿನ ಇಡೀ ಸಾಲು ಬೋಳಿಸಿ ರಾಶಿ ಹಾಕುವ ಅಗತ್ಯವೇ ಇಲ್ಲ.

ಮಚ್ಚು, ಕತ್ತರಿ, ಗರಗಸ

ನಮ್ಮಲ್ಲಿ ಎಲ್ಲಕ್ಕೂ ಮಚ್ಚೇ. ಬೆರಳು ಗಾತ್ರದಿಂದ ತೊಡೆ ಗಾತ್ರದವರೆಗೆ ಒಂದೇ ಮಚ್ಚಿನಲ್ಲಿ ಹೊಡೆಯುತ್ತೇವೆ. ಮಚ್ಚು ಕೆಟ್ಟ ಹತ್ಯಾರಲ್ಲ, ಆದರೆ ಅದರ ಕೆಲಸ ಹೆಬ್ಬೆರಳು ಗಾತ್ರದ ಚಿಗುರಿಗೆ ಮುಗಿಯಿತು. ಅದರಲ್ಲೂ ಹೊಡೆತದ ದಿಕ್ಕು ಮುಖ್ಯ. ಮೇಲಿನಿಂದ ಕೆಳಕ್ಕೆ ಹೊಡೆದರೆ ಉಳಿಯುವ ಮೋಟು ಸೀಳಿ, ತೊಗಟೆ ಬುಡದವರೆಗೆ ಸುಲಿಯುತ್ತದೆ. ಸೀಳಿನಲ್ಲಿ ಮಳೆನೀರು ನಿಂತು ಕೊಳೆ ಶುರುವಾಗುತ್ತದೆ. ಚಿಗುರನ್ನು ಎಡಗೈಯಲ್ಲಿ ಸ್ವಲ್ಪ ಬಾಗಿಸಿ, ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹೊಡೆಯಿರಿ. ಮಚ್ಚು ಹೋಗುವ ದಾರಿಯಲ್ಲಿ ಎಡಗೈಯಾಗಲಿ ಮುಖವಾಗಲಿ ಇರಬಾರದು. ಮೋಟು ನುಣುಪಾಗಿ ಓರೆಯಾಗಿರುತ್ತದೆ, ನೀರು ಜಾರಿಹೋಗುತ್ತದೆ.

ಬೆರಳು ಗಾತ್ರದ ರೆಂಬೆಗಳಿಗೆ ತೋಟದ ಕತ್ತರಿ, ಅಂದರೆ ಸೆಕೆಟರ್ ಸಾಕು. ಕೊಳ್ಳುವಾಗ ಎರಡು ಅಲಗು ಒಂದರ ಪಕ್ಕ ಒಂದು ಜಾರುವಂಥದ್ದನ್ನು ಆರಿಸಿ. ಒಂದು ಅಲಗು ಚಪ್ಪಟೆ ಕಬ್ಬಿಣದ ಮೇಲೆ ಕೂರುವ ಜಾತಿಯದು ಹಸಿ ಚಿಗುರನ್ನು ಜಜ್ಜುತ್ತದೆ. ಹಿಪ್ಪುನೇರಳೆ ಬೆಳೆಯುವವರ ಮನೆಯಲ್ಲಿ ಇದು ಹೇಗೂ ಇರುತ್ತದೆ.

ಅದಕ್ಕಿಂತ ದಪ್ಪನೆಯದಕ್ಕೆ, ಸುಮಾರು ನಾಲ್ಕು ಇಂಚು ಗಾತ್ರದವರೆಗೆ, ಕೈಗರಗಸ. ನನ್ನನ್ನು ಕೇಳಿದರೆ ಮೇವಿನ ಮರ ಇರುವ ಪ್ರತಿ ಮನೆಯಲ್ಲೂ ಇರಬೇಕಾದದ್ದು ಇದೇ. ಬಡಗಿಯ ಗರಗಸವಲ್ಲ, ಬಾಗಿದ ಅಲಗಿನ, ಎಳೆಯುವಾಗ ಕೊಯ್ಯುವ ಹಲ್ಲಿನ ಗರಗಸ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಳ್ಳುವಾಗ ಬಲ ಹಾಕಬೇಡಿ, ಎಳೆಯುವಾಗ ಹಾಕಿ. ತಳ್ಳುವಾಗ ಒತ್ತಿದರೆ ಅಲಗು ಬಾಗಿ ಮುರಿಯುತ್ತದೆ.

ಹರಿತ ಮಾಡುವ ವಿಷಯ. ಮಚ್ಚಿಗೆ ಸಾಣೆ ಕಲ್ಲು ಅಥವಾ ಅರ. ಗರಗಸದ ಹಲ್ಲಿಗೆ ಮೂರು ಮೂಲೆಯ ಸಣ್ಣ ಅರ. ಆದರೆ ಈಗ ಅಂಗಡಿಯಲ್ಲಿ ಬರುವ ಎಷ್ಟೋ ಗರಗಸಗಳ ಹಲ್ಲಿನ ತುದಿ ನೀಲಿಗಪ್ಪಾಗಿರುತ್ತದೆ. ಅದು ವಿಶೇಷವಾಗಿ ಗಟ್ಟಿ ಮಾಡಿದ ಹಲ್ಲು, ಅರ ಅದರ ಮೇಲೆ ಜಾರುತ್ತದೆ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ಹಾಗಾಗಿ ಬಿಡಿ ಅಲಗು ಸಿಗುವ ಗರಗಸವನ್ನೇ ಕೊಳ್ಳಿ. ಕೆಲಸ ಮುಗಿದ ಮೇಲೆ ಅಂಟು ಹಾಲನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಮೇಲೆ ಒಂದು ತೊಟ್ಟು ಎಣ್ಣೆ ಸವರಿಡಿ. ಮೊಂಡು ಹತ್ಯಾರಿಗೆ ಬಲ ಹೆಚ್ಚು ಹಾಕಬೇಕು, ಜಾರಿ ಗಾಯವಾಗುವುದು ಆಗಲೇ.

ದೊಡ್ಡ ಕೊಂಬೆಗೆ ಮೂರು ಕೊಯ್ತ

ಈಗಾಗಲೇ ಎತ್ತರಕ್ಕೆ ಹೋದ ಮರವನ್ನು ತಗ್ಗಿಸುವಾಗ ಭಾರದ ಕೊಂಬೆ ಎದುರಾಗುತ್ತದೆ. ಮೇಲಿನಿಂದ ಒಂದೇ ಕೊಯ್ತ ಹಾಕಿದರೆ, ಅರ್ಧ ಆಗುವಷ್ಟರಲ್ಲಿ ಭಾರಕ್ಕೆ ಕೊಂಬೆ ಮುರಿದು, ಕಾಂಡದ ತೊಗಟೆಯನ್ನು ಮಾರುದ್ದ ಕಿತ್ತುಕೊಂಡು ಬೀಳುತ್ತದೆ. ಹೀಗೆ ಮಾಡಿ: ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೊಂಬೆಯ ಕೆಳಮೈಯಲ್ಲಿ ಕಾಲು ಭಾಗದಷ್ಟು ಆಳಕ್ಕೆ ಮೊದಲು ಕೊಯ್ಯಿರಿ. ಅದರಿಂದ ಒಂದೆರಡು ಇಂಚು ಆಚೆ, ಕೊಂಬೆಯ ತುದಿಯ ಕಡೆಗೆ, ಮೇಲಿನಿಂದ ಕೊಯ್ಯಿರಿ. ಕೊಂಬೆ ಅಲ್ಲೇ ಕಳಚಿ ಬೀಳುತ್ತದೆ, ಸಿಪ್ಪೆ ಏಳುವುದಿಲ್ಲ. ಉಳಿದ ಒಂದು ಅಡಿ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಿರಿ.

ಈ ಮೂರನೆಯದು ಎಲ್ಲಿ ಎಂಬುದೇ ಮುಖ್ಯ. ಕೊಂಬೆ ಕಾಂಡವನ್ನು ಸೇರುವಲ್ಲಿ ಸುಕ್ಕುಸುಕ್ಕಾದ ಉಬ್ಬು ಇರುತ್ತದೆ, ಎತ್ತಿನ ಕೊರಳಿನ ಮಡಿಕೆಯ ಹಾಗೆ. ಆ ಉಬ್ಬನ್ನು ಬಿಟ್ಟು, ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ನೇರ ಸಪಾಟಾಗಿ ಕೊಯ್ದರೆ ಉಬ್ಬು ಹೋಗುತ್ತದೆ. ಗೇಣುದ್ದ ಬಿಟ್ಟರೆ ಮೋಟು ಕೊಳೆತು ಕೊಳೆ ಒಳಗಿಳಿಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ, ಮೇಲೆ ಹೊಸ ತೊಗಟೆ ಮುಚ್ಚುತ್ತದೆ. ಆ ಗೋಡೆ ಕಟ್ಟುವ ಶಕ್ತಿ ಇರುವುದು ಉಬ್ಬಿನಲ್ಲಿ. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ ಎಂದೂ ಅವರು ತೋರಿಸಿದರು. ತೋಟದ ಮರಗಳಿಗೆ ಬೋರ್ಡೊ ಮುಲಾಮು ಹಚ್ಚುವವರು ಮೇವಿನ ಮರಕ್ಕೆ ಅದನ್ನು ತರಬೇಡಿ. ಅದರಲ್ಲಿ ಮೈಲುತುತ್ತ ಇರುತ್ತದೆ, ತಾಮ್ರದ ವಿಷ ಕುರಿಗಳಿಗೆ ಬಹಳ ಬೇಗ ಏರುತ್ತದೆ.

ದೋಟಿ, ಏಣಿ, ಕರೆಂಟು

ಎಟಕದ ರೆಂಬೆಗೆ ದೋಟಿ ಇದೆ. ಕೊಂಬೆಯ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಂತು ಎಳೆಯಿರಿ. ವಿದ್ಯುತ್ ತಂತಿಯಿಂದ ಹತ್ತು ಅಡಿಯೊಳಗೆ ದೋಟಿ, ಕೊಂಬೆ ಯಾವುದೂ ಹೋಗಬಾರದು. ಅಲ್ಯೂಮಿನಿಯಂ ಕೋಲಂತೂ ತಂತಿಯ ಹತ್ತಿರ ಬೇಡವೇ ಬೇಡ. ಬಿದಿರು ಅಂತ ಧೈರ್ಯ ಪಡಬೇಡಿ, ಹಸಿ ಬಿದಿರಿನಲ್ಲೂ ಮಳೆಗೆ ನೆನೆದ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ. ತಂತಿಗೆ ತಾಗಿದ ಕೊಂಬೆ ತೆಗೆಯುವುದು ನಮ್ಮ ಕೆಲಸವಲ್ಲ. ಲೈನ್‌ಮ್ಯಾನ್‌ಗೆ ಹೇಳಿ ಅಥವಾ 1912ಕ್ಕೆ ಕರೆ ಮಾಡಿ, ಲೈನ್ ಬಂದ್ ಆದ ಮೇಲೆ ಅವರೇ ತೆಗೆಯಲಿ. ಇನ್ನು ಮುಂದೆ ತಂತಿಯ ಕೆಳಗೆ ಮೇವಿನ ಮರ ನೆಡದಿದ್ದರೆ ಆ ತೊಂದರೆಯೇ ಇಲ್ಲ.

ಏಣಿ ಇಡಲೇಬೇಕಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಹೊರಗಿಟ್ಟು, ಮೇಲ್ತುದಿಯನ್ನು ಮರಕ್ಕೆ ಕಟ್ಟಿ. ಕತ್ತರಿಸುವ ಕೊಂಬೆಗೇ ಏಣಿ ಒರಗಿಸಬೇಡಿ. ಕೇಳಿದರೆ ನಗು ಬರಬಹುದು, ಆದರೆ ಅವಸರದಲ್ಲಿ ಆಗುವುದು ಇದೇ.

ಪೆಟ್ರೋಲ್ ಗರಗಸ (ಚೈನ್ ಸಾ) ಈಗ ಹಳ್ಳಿಗಳಿಗೂ ಬಂದಿದೆ. ನಾಲ್ಕೈದು ರಾಸಿನ ಮನೆಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೊಂದು ದಿನದ ಕೆಲಸಕ್ಕೆ ಬಾಡಿಗೆಗೆ, ಅದೂ ಅಭ್ಯಾಸವಿರುವ ಆಳಿನ ಸಮೇತ ತರಿಸುವುದು ಒಳ್ಳೆಯದು. ಬಳಸುವವರಿಗೆ ಎರಡೇ ಮಾತು. ಅಲಗಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಹಿಮ್ಮುಖವಾಗಿ ನೆಗೆಯುತ್ತದೆ. ಭುಜದಿಂದ ಮೇಲೆ ಎತ್ತಿ ಹಿಡಿದು, ಏಣಿ ಮೇಲೆ ನಿಂತು, ಒಬ್ಬರೇ ಇರುವಾಗ ಅದನ್ನು ನಡೆಸಬಾರದು.

ಮಚ್ಚಿನ ಗಾಯವಾದರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ ಟಿಟಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಕೂರಿಸಬಾರದು. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಹಾಗೆ ಎತ್ತುವುದರಿಂದಲೇ ಕಾಲು ಸ್ವಾಧೀನ ತಪ್ಪಬಹುದು. ಅಲುಗಾಡಿಸದೆ ಮಲಗಿಸಿ 108ಕ್ಕೆ ಕರೆ ಮಾಡಿ.

ಮರವನ್ನು ಬುಡಸಹಿತ ಕಡಿಯುವ ವಿಚಾರವಿದ್ದರೆ, ಜಮೀನು ನಮ್ಮದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕೊಯ್ದ ಸೊಪ್ಪು ಗೋದಲಿಗೆ

ಮರದ ಸೊಪ್ಪಿನಲ್ಲಿ ಸಸಾರಜನಕ ಹೆಚ್ಚು. ಒಣ ತೂಕದ ಲೆಕ್ಕದಲ್ಲಿ ಸುಬಾಬುಲ್, ಗ್ಲಿರಿಸಿಡಿಯಾಗಳಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸು ಇದ್ದರೆ, ನೇಪಿಯರ್‌ನಲ್ಲಿ ಅದರ ಅರ್ಧ. ಹಾಗೆಂದು ಸೊಪ್ಪನ್ನೇ ಹೊಟ್ಟೆ ತುಂಬ ಹಾಕಬಾರದು. ಒಟ್ಟು ಹಸಿರು ಮೇವಿನಲ್ಲಿ ಮೂರರಲ್ಲಿ ಒಂದು ಪಾಲು ಮೀರದಿರಲಿ. ಸುಬಾಬುಲ್‌ನಲ್ಲಿ ಮೈಮೋಸಿನ್ ಎಂಬ ವಿಷಾಂಶವಿದೆ, ಹೆಚ್ಚಾದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಗಬ್ಬದ ರಾಸಿಗೆ ಇನ್ನೂ ಕಡಿಮೆ ಕೊಡಿ. ಗ್ಲಿರಿಸಿಡಿಯಾ ವಾಸನೆಗೆ ಹಸು ಮೊದಮೊದಲು ಮುಖ ತಿರುಗಿಸುತ್ತದೆ. ಸಂಜೆ ಕೊಯ್ದು ನೆರಳಲ್ಲಿ ಹರಡಿ, ಬಾಡಿದ ಮೇಲೆ ಬೆಳಿಗ್ಗೆ ಹುಲ್ಲಿನ ಜೊತೆ ಬೆರೆಸಿ ಕೊಡಿ. ವಾರದಲ್ಲಿ ರೂಢಿಯಾಗುತ್ತದೆ.

ಬೇಲಿ ಸವರುವಾಗ ಕಣಗಿಲೆ, ಲಂಟಾನ ರೆಂಬೆಗಳು ಮೇವಿನ ರಾಶಿಗೆ ಸೇರದಂತೆ ನೋಡಿಕೊಳ್ಳಿ. ಕಣಗಿಲೆ ಒಣಗಿದರೂ ವಿಷ ಹೋಗುವುದಿಲ್ಲ, ಒಂದು ಹಿಡಿ ಎಲೆ ರಾಸನ್ನು ಕೊಲ್ಲಬಹುದು. ಕತ್ತರಿಸಿದ್ದನ್ನು ಅಂದೇ ದೂರ ಒಯ್ದು ಹೂಳಿ.

ಎಲೆ ತಿಂದ ಮೇಲೆ ಉಳಿದ ಕೊಂಬೆಗಳಲ್ಲಿ ತೆಳ್ಳನೆಯವು ಸೌದೆಗೆ. ಗ್ಲಿರಿಸಿಡಿಯಾದ ಹೆಬ್ಬೆರಳಿನಿಂದ ಮಣಿಕಟ್ಟಿನ ಗಾತ್ರದ, ತೊಗಟೆ ಬೂದುಬಣ್ಣಕ್ಕೆ ತಿರುಗಿದ ಬಲಿತ ಕೊಂಬೆಗಳನ್ನು ಮಾತ್ರ ಒಲೆಗೆ ಹಾಕಬೇಡಿ. ನಾಲ್ಕು ಅಡಿಯ ತುಂಡು ಮಾಡಿ, ಎರಡೂ ತುದಿ ಓರೆಯಾಗಿ ಕತ್ತರಿಸಿ, ಬುಡ ಯಾವುದು ತುದಿ ಯಾವುದು ಎಂದು ಗುರುತು ಹಾಕಿ ನೆರಳಲ್ಲಿಡಿ. ಮುಂಗಾರಿನ ಹದ ಮಳೆಯ ಹೊತ್ತಿಗೆ ಹೀಗೆ ಕತ್ತರಿಸಿದ ಕೋಲನ್ನು ಕೆಲವೇ ದಿನದೊಳಗೆ ಒಂದು ಅಡಿ ಆಳಕ್ಕೆ ಹೂಳಿ, ಸುತ್ತ ಮಣ್ಣು ತುಳಿದರೆ ಬೇರು ಬಿಡುತ್ತದೆ. ಕೋಲಿನಿಂದ ಬೆಳೆದ ಗಿಡದ ಬೇರು ಬೀಜದ ಗಿಡದಷ್ಟು ಆಳಕ್ಕೆ ಹೋಗುವುದಿಲ್ಲ. ಬೇಲಿಗೆ ಕೋಲು ನಡೆಯುತ್ತದೆ, ಮಳೆಯಾಶ್ರಿತ ಹೊಲದ ಬದುವಿಗಾದರೆ ಬೀಜದ ಸಸಿಯನ್ನೇ ಇಡಿ.