ಕಟಾ ಮಾಡುವಾಗ ನೆಲ ಯಾಕೆ ಗುದ್ದಬೇಕು?

ನಾನು ಕರಾಟೆ ಕಲಿತದ್ದು ಬಳ್ಳಾರಿಯಲ್ಲಿ, ಒಂದು ಕಟ್ಟಡದ ಮೊದಲನೇ ಮಹಡಿಯ ಹಾಲ್‌ನಲ್ಲಿ. ಕೆಳಗಡೆ ಮಾಲೀಕರ ಮನೆ. ಆ ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬ ತಾತ ಇದ್ದರು. ಮೇಲೆ ಸಂಜೆ ಆರರಿಂದ ಏಳೂವರೆ ತನಕ ನಲವತ್ತು ಹುಡುಗರು "ಇಚಿ, ನಿ, ಸಾನ್" ಅಂತ ಎಣಿಸ್ತಾ ಒಟ್ಟಿಗೆ ನೆಲ ಗುದ್ದುತ್ತಿದ್ದೆವು. ಒಂದು ದಿನ ಆ ಮನೆಯ ಅಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

"ಏನ್ ಮಾಸ್ಟರ್, ಮ್ಯಾಲೆ ಒರಳುಕಲ್ಲು ಉರುಳಿಸ್ತೀರೇನು? ನಮ್ಮ ಮಾವನೋರು ಒಂದು ಗಳಿಗಿ ಕಣ್ಣು ಮುಚ್ಚಂಗಿಲ್ಲ. ಹಿಂಗೇ ಆದ್ರೆ ಮುಂದಿನ ತಿಂಗಳು ಹಾಲ್ ಬಿಟ್ಟುಕೊಡ್ರಿ."

ಮಾಸ್ಟರ್ ಕೈಮುಗಿದು ಕಳಿಸಿದರು. ನಮಗೆ ನಗು. ಆದರೆ ಆ ಬಾಡಿಗೆಗೆ ಊರಲ್ಲಿ ಇನ್ನೊಂದು ಹಾಲ್ ಸಿಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮನ್ನ ಸಾಲಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರು: "ಹೇಯಾನ್ ಶೋದಾನ್‌ನಲ್ಲಿ ನೆಲ ಗುದ್ದೋ ಸ್ಟೆಪ್ ಎಷ್ಟಿದಾವೆ ಹೇಳ್ರಿ?" ಒಬ್ಬರೂ ಬಾಯಿ ಬಿಡಲಿಲ್ಲ. ಆ ಕಟಾದಲ್ಲಿ 21 ಚಲನೆ, ಎರಡು ಕಿಯಾಯ್. ಗುದ್ದುವ ಹೆಜ್ಜೆ ಒಂದೂ ಇಲ್ಲ. ನಾವು ಇಪ್ಪತ್ತೊಂದು ಸಲವೂ ಗುದ್ದುತ್ತಿದ್ದೆವು.

ಮರುದಿನದಿಂದ ಒಂದು ತಿಂಗಳು ಸದ್ದಿಲ್ಲದ ಕಟಾ. ಆ ತಿಂಗಳು ಕಲಿತದ್ದನ್ನೇ ಇಲ್ಲಿ ಬರೀತಿದೀನಿ. ನಮ್ಮ ಕಾಲೇಜಿನಲ್ಲೂ ಕರಾಟೆ ಮಾಡೋರು ಸಾಕಷ್ಟು ಜನ ಇದ್ದಾರೆ, ಹಾಸ್ಟೆಲ್ ಕಾರಿಡಾರ್‌ನಲ್ಲಿ ಅವರ ಅಭ್ಯಾಸ ಕೇಳಿಸ್ತಾನೇ ಇರುತ್ತೆ. ಕಾಣಿಸೋದಕ್ಕಿಂತ ಕೇಳಿಸೋದೇ ಜಾಸ್ತಿ.

ಕರಾಟೆ ಗೊತ್ತಿಲ್ಲದವರಿಗೆ ಒಂದು ಮಾತು. ಸ್ಪರ್ಧೆಯಲ್ಲಿ ಎರಡು ವಿಭಾಗ. ಎದುರಾಳಿಯ ಜೊತೆ ಆಡೋದು ಕುಮಿತೆ. ಒಬ್ಬರೇ ನಿಂತು, ಎದುರಾಳಿ ಇದ್ದಾನೆ ಅಂದುಕೊಂಡು, ಗೊತ್ತುಪಡಿಸಿದ ಕ್ರಮದಲ್ಲಿ ತಡೆ, ಹೊಡೆತ, ಒದೆತ ಮಾಡಿ ತೋರಿಸೋದು ಕಟಾ. ಹೇಯಾನ್ ಹೆಸರಿನ ಐದು ಕಟಾಗಳು ನಮ್ಮ ಶೋತೊಕಾನ್‌ನಲ್ಲಿ ಆರಂಭದ ಪಾಠ. ಒಕಿನಾವಾದ ಆಂಕೋ ಇತೊಸು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗಾಗಿ ಇವನ್ನು ರೂಪಿಸಿದರು, ಆಗಿನ ಹೆಸರು ಪಿನಾನ್. ಮುಂದೆ 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ಪ್ರದರ್ಶಿಸಿದ ಗಿಚಿನ್ ಫುನಾಕೋಶಿ ಅವಕ್ಕೆ ಹೇಯಾನ್ ಅಂತ ಹೆಸರಿಟ್ಟರು.

ಈಗ ನಿಯಮಕ್ಕೆ ಬರೋಣ. ವಿಶ್ವ ಕರಾಟೆ ಫೆಡರೇಷನ್ನಿನ ಸ್ಪರ್ಧಾ ನಿಯಮದಲ್ಲಿ ಕಾಲು ಅಪ್ಪಳಿಸೋದು, ಎದೆ, ತೋಳು ಅಥವಾ ಗೀ ಬಟ್ಟೆಯನ್ನು ತಟ್ಟಿ ಸದ್ದು ಮಾಡೋದು, ಅನುಚಿತವಾಗಿ ಉಸಿರು ಬಿಡೋದು ಎಲ್ಲ ತಪ್ಪುಗಳ ಪಟ್ಟಿಯಲ್ಲಿವೆ. ಬರೀ ತಪ್ಪಲ್ಲ, ಗಂಭೀರ ತಪ್ಪು. ಟೋಕಿಯೋ ಒಲಿಂಪಿಕ್ಸ್‌ಗೆ ಮುಂಚಿನ ನಿಯಮಪುಸ್ತಕವೊಂದರಲ್ಲಿ ಇದನ್ನ ಕ್ಷಣಕಾಲ ಸಮತೋಲನ ತಪ್ಪೋದರ ಮಟ್ಟದಲ್ಲೇ ಇಟ್ಟಿದ್ದರು. ಅಂದರೆ ನೀವು ಜೋರಾಗಿ ನೆಲ ಗುದ್ದಿ "ಹೆಂಗಿತ್ತು ಪವರ್" ಅಂದುಕೊಂಡರೆ, ತೀರ್ಪುಗಾರರ ಲೆಕ್ಕದಲ್ಲಿ ನೀವು ಎಡವಿದ ಹಾಗೆ.

ಇದು ನನಗೆ ಗೊತ್ತಾದದ್ದು ಸೋತ ಮೇಲೆ. ಕ್ಲಾಸಲ್ಲಿ ಎಲ್ಲರಿಗಿಂತ ಜೋರು ಸದ್ದು ನನ್ನದೇ. ಬ್ರೌನ್ ಬೆಲ್ಟ್ ಬೇರೆ. ಗೀಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸ್ತಿದ್ದೆ, ಪಂಚ್ ಕೊಟ್ಟರೆ ತೋಳು "ಫಟ್" ಅನ್ನಲಿ ಅಂತ. (ನಗಬೇಡ್ರಿ, ಈಗಲೂ ಹಾಗೆ ಮಾಡೋರನ್ನ ನಾನು ಬಲ್ಲೆ.) ಒಂದು ಸ್ಪರ್ಧೆಯಲ್ಲಿ ಮೊದಲ ಸುತ್ತಲ್ಲೇ ಹೊರಬಿದ್ದೆ. ಗೆದ್ದ ಹುಡುಗನ ಕಟಾ ನನಗೆ ಸಪ್ಪೆ ಅನ್ನಿಸಿತ್ತು. ಆಮೇಲೆ ತೀರ್ಪುಗಾರರೊಬ್ಬರನ್ನ ಹಿಡಿದು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ನಿಂದು ಕಾಲು ಬಿದ್ದ ಮೇಲೆ ಪಂಚ್ ಬರ್ತಿದೆ. ಅವನದು ಎರಡೂ ಒಟ್ಟಿಗೆ ಮುಗಿಯುತ್ತೆ."

ಈ ಮಾತು ಅರ್ಥವಾಗೋಕೆ ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಸಾಕು. ಜೆನ್‌ಕುತ್ಸು ದಾಚಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಪಂಚ್ ಕೊಡ್ತೀವಿ ಅಂದುಕೊಳ್ಳಿ. ಹಿಂದಿನ ಕಾಲು ನೆಲವನ್ನು ತಳ್ಳುತ್ತೆ, ಸೊಂಟ ಮುಂದೆ ಬರುತ್ತೆ, ಸೊಂಟದ ತಿರುಗು ಭುಜಕ್ಕೆ, ಭುಜದ್ದು ಮುಷ್ಟಿಗೆ. ಮುಂದಿನ ಪಾದ ನೆಲಕ್ಕೆ ಕೂರೋದು, ಮುಷ್ಟಿ ನಿಲ್ಲೋದು ಒಂದೇ ಕ್ಷಣದಲ್ಲಿ ಆಗಬೇಕು. ಅದೇ ಕಿಮೆ. ಗುದ್ದುವವನಲ್ಲಿ ಏನಾಗುತ್ತೆ? ಪಾದ ಎತ್ತಿ ಕೆಳಕ್ಕೆ ಬೀಳಿಸ್ತಾನೆ. ಮುಂದಕ್ಕೆ ಹೋಗಬೇಕಾದ ಚಲನೆಯ ಒಂದು ಪಾಲು ಕೆಳಕ್ಕೆ ತಿರುಗುತ್ತೆ. ಪಾದ ಬಡಿದ ಕ್ಷಣ ದೇಹ ಗಕ್ಕನೆ ನಿಲ್ಲುತ್ತೆ, ಮುಷ್ಟಿ ಇನ್ನೂ ದಾರಿಯಲ್ಲೇ ಇರುತ್ತೆ. ಆಮೇಲೆ ಬರೋ ಪಂಚ್ ಬರೀ ತೋಳಿನದು, ಮೈಭಾರ ಅದರಲ್ಲಿಲ್ಲ.

ಒಂದು ಸಣ್ಣ ಲೆಕ್ಕ. 60 ಕೆಜಿ ಮನುಷ್ಯನ ಒಂದು ಇಡೀ ಕಾಲಿನ ತೂಕ ದೇಹದ ಸುಮಾರು 16 ಶೇಕಡಾ, ಅಂದರೆ 9.6 ಕೆಜಿ. ಅದು 10 ಸೆಂಟಿಮೀಟರ್ ಎತ್ತರದಿಂದ ಸುಮ್ಮನೆ ಬಿತ್ತು ಅನ್ನಿ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 1.4 ಮೀಟರ್. ಮಂಡಿ ಬಿಗಿಯಾಗಿದ್ದು, ಹಿಮ್ಮಡಿ ನೇರ ಕಲ್ಲಿಗೆ ಬಡಿದು 10 ಮಿಲಿಸೆಕೆಂಡಲ್ಲಿ ನಿಂತರೆ ಸರಾಸರಿ ಬಲ ಸುಮಾರು 1340 ನ್ಯೂಟನ್. ಅವನ ಪೂರ್ತಿ ಮೈತೂಕವೇ 590 ನ್ಯೂಟನ್ ಆಸುಪಾಸು. ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಅದೇ ಕಾಲು ಮಂಡಿ ಬಾಗಿಸಿ 50 ಮಿಲಿಸೆಕೆಂಡಲ್ಲಿ ನಿಂತರೆ ಸುಮಾರು 270 ನ್ಯೂಟನ್. ಇದು ಬರೀ ಬೀಳುವ ಕಾಲಿನ ಲೆಕ್ಕ. ಬೇಕಂತಲೇ ಒತ್ತಿ ಗುದ್ದಿದರೆ, ಮೈಭಾರವೂ ಸೇರಿದರೆ ಇನ್ನೂ ಮೇಲೆ ಹೋಗುತ್ತೆ. ಬೂಟಿಲ್ಲ, ಸಾಕ್ಸಿಲ್ಲ, ಬರಿಗಾಲು. ದಿನಕ್ಕೆ ಇನ್ನೂರು ಸಲ ಹೀಗೆ ಬಡಿದರೆ ಹಿಮ್ಮಡಿ ಏನಾಗಬೇಕು? ನನಗೆ ಎರಡು ತಿಂಗಳು ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡೋಕೇ ಆಗ್ತಿರಲಿಲ್ಲ. ಆ ವರ್ಷದ ಕಾಲೇಜು ತಂಡದ ಆಯ್ಕೆಯೂ ಅದರಲ್ಲೇ ಹೋಯ್ತು.

ಕೆಳಗಿನ ಮನೆಯ ತಾತನ ಕಥೆಗೂ ಇದೇ ಕಾರಣ. ಮಾತಿನ ಸದ್ದು ಗಾಳಿಯಲ್ಲಿ ಬರುತ್ತೆ, ಕಿಟಕಿ ಹಾಕಿದರೆ ಕಡಿಮೆಯಾಗುತ್ತೆ. ಅದಕ್ಕೇ ನಮ್ಮ ಕಿಯಾಯ್ ಬಗ್ಗೆ ಆ ಅಮ್ಮ ಒಂದು ದಿನವೂ ದೂರಲಿಲ್ಲ. ಕಾಲಿನ ಗುದ್ದು ಹಾಗಲ್ಲ. ಅದು ಸ್ಲ್ಯಾಬನ್ನೇ ಅಲುಗಿಸುತ್ತೆ, ಕೆಳಗಿನವರಿಗೆ ಛಾವಣಿಯೇ ತಮಟೆ ಆಗುತ್ತೆ. ಹೊಡೆತ ಎಷ್ಟು ಕಡಿಮೆ ಹೊತ್ತಲ್ಲಿ ಮುಗಿಯುತ್ತೋ ಸದ್ದು ಅಷ್ಟು ಚುರುಕು. ಮ್ಯಾಟ್ ಹಾಸಿದರೆ ಆ ಹೊತ್ತು ಹಿಗ್ಗುತ್ತೆ, ಸದ್ದು ತಗ್ಗುತ್ತೆ. ಮ್ಯಾಟ್ ಒಳ್ಳೇದೇ, ಆದರೆ ಅದು ತಪ್ಪನ್ನ ಮುಚ್ಚಿಡುತ್ತೆ. ಮ್ಯಾಟ್ ಮೇಲೆ ಕಲಿತ ಹುಡುಗ ಮರದ ವೇದಿಕೆ ಮೇಲೆ ಹೋಗಿ ನಿಂತಾಗ ಬಣ್ಣ ಬಯಲಾಗುತ್ತೆ.

ಇದಕ್ಕೆ ತದ್ವಿರುದ್ಧ ನನ್ನ ಅತ್ತೆಯ ಮಗಳು, ಸಿರುಗುಪ್ಪದವಳು. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ ಕೊಡ್ತಾರಲ್ಲ, ಅವಳು ಕರಾಟೆ ಶುರುಮಾಡಿದ್ದು ಅದರಲ್ಲಿ. ಹಾಲ್ ಇಲ್ಲ, ಮ್ಯಾಟ್ ಇಲ್ಲ, ಪ್ರಾರ್ಥನೆ ಮಾಡೋ ಬಯಲೇ ಡೋಜೋ. ಎರೆಮಣ್ಣಿನ ಮೇಲೆ ಎಷ್ಟು ಗುದ್ದಿದರೂ ಸದ್ದು ಬರೋದಿಲ್ಲ, ಕಾಲು ನೋಯುತ್ತೆ ಅಷ್ಟೇ. ಹಾಗಾಗಿ ಸದ್ದಿನ ಚಟವೇ ಅವಳಿಗೆ ಹತ್ತಲಿಲ್ಲ. ರಜೆಯಲ್ಲಿ ನಮ್ಮ ಹಾಲ್‌ಗೆ ಬಂದು ಕಟಾ ಮಾಡಿದಾಗ ಹುಡುಗರು "ಪವರ್ ಇಲ್ಲಪ್ಪ" ಅಂದರು. ಮಾಸ್ಟರ್ ಪ್ಯಾಡ್ ಹಿಡಿದು ಹೊಡೆಸಿ ನೋಡಿದರು. ನನ್ನ ಪಂಚ್‌ಗೆ ಅಲುಗದ ಮಾಸ್ಟರ್ ಅವಳ ಪಂಚ್‌ಗೆ ಕಾಲು ಹಿಂದಿಟ್ಟರು. ಅವತ್ತಿನಿಂದ ನಾನು ಗಂಜಿ ಬಿಟ್ಟೆ.

ಹಾಗಂತ ಕಟಾದಲ್ಲಿ ಕಾಲು ಅಪ್ಪಳಿಸೋದೇ ಇಲ್ಲ ಅಂತ ತಿಳೀಬೇಡಿ. ಫುಮಿಕೋಮಿ ಅಂತ ಒಂದು ತಂತ್ರವೇ ಇದೆ. ಹೇಯಾನ್ ಸಾಂದಾನ್‌ನಲ್ಲಿ ಮೂರು ಸಲ ಬರುತ್ತೆ, ತೆಕ್ಕಿ ಶೋದಾನ್‌ನಲ್ಲಿ, ಜಿಯೋನ್‌ನಲ್ಲೂ ಇದೆ. ಅಲ್ಲಿ ಮಂಡಿ ಮೇಲೆತ್ತಿ ಎದುರಾಳಿಯ ಮೊಣಕಾಲು, ಮುಂಗಾಲು ಅಥವಾ ಪಾದವನ್ನ ತುಳಿಯೋ ಉದ್ದೇಶ. ಗುರಿ ನೆಲವಲ್ಲ, ನೆಲಕ್ಕಿಂತ ಮೊದಲು ಸಿಗೋ ಕಾಲು. ಆ ಗುರಿ ತಲೆಯಲ್ಲಿದ್ದರೆ ಸದ್ದು ಬಂದರೂ ತಪ್ಪಿಲ್ಲ, ಬರದಿದ್ದರೂ ನಷ್ಟವಿಲ್ಲ. ಉಸಿರಿನದ್ದೂ ಹಾಗೇ. ಗೋಜು ರ್ಯೂನವರ ಸಾನ್‌ಚಿನ್ ಕಟಾದಲ್ಲಿ ಗಂಟಲಿಂದ ಬರೋ ದೊಡ್ಡ ಉಸಿರು ಕಟಾದ ಭಾಗವೇ. ಅದನ್ನ ನೋಡಿ ನಾವು ಶೋತೊಕಾನ್‌ನವರು ಪ್ರತಿ ಪಂಚ್‌ಗೂ "ಶ್ಶ್, ಶ್ಶ್" ಅಂದರೆ ಪ್ರೆಷರ್ ಕುಕ್ಕರ್ ಆಗ್ತೀವಿ.

ಕುರುಗೋಡಿನಲ್ಲಿರೋ ನಮ್ಮ ಅಜ್ಜ ವಯಸ್ಸಿನಲ್ಲಿ ಬಯಲಾಟದಲ್ಲಿ ಪಾತ್ರ ಮಾಡಿದವರು. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಗೊತ್ತು, ಹಲಗೆ ಅಟ್ಟದ ಮೇಲೆ ವೇಷಧಾರಿ ಹೆಜ್ಜೆ ಹಾಕಿದರೆ ಕೊನೇ ಸಾಲಲ್ಲಿ ಮಲಗಿದ್ದ ಮಕ್ಕಳೂ ಎದ್ದು ಕೂರಬೇಕು. ಅಲ್ಲಿ ಕಾಲಿನ ಸದ್ದೂ ಕಲೆಯೇ, ಮದ್ದಳೆ ತಾಳದ ಜೊತೆಗೆ ಅದೂ ಒಂದು ವಾದ್ಯ. ನಾನು ಅಜ್ಜನಿಗೆ ಕಟಾ ಮಾಡಿ ತೋರಿಸಿ ಹಿಮ್ಮಡಿ ನೋವಿನ ವಿಷಯ ಹೇಳಿದೆ. ಅವರು ಕೇಳಿದರು, "ನಾವು ರಾತ್ರಿಪೂರ್ತಿ ಕುಣೀತಿದ್ವಿ, ನಮಗ್ಯಾಕ ಹಿಂಗ ಆಗಲಿಲ್ಲ ಹೇಳು?" ಆಮೇಲೆ ತಾವೇ ಹೇಳಿದರು: "ಸದ್ದು ಹಲಗಿದು ಕಣಪ್ಪ. ಹಲಗಿ ಕೆಳಗ ಪೊಳ್ಳು ಇರ್ತೈತಿ, ಅದು ಬಗ್ಗತೈತಿ, ನಮ್ಮ ಮಂಡಿನೂ ಬಗ್ಗತೈತಿ. ನೀನು ಬಂಡಿ ಮ್ಯಾಲೆ ಒದ್ದಂಗ ಒದೀತಿ." ಮಿಲಿಸೆಕೆಂಡ್ ಲೆಕ್ಕವನ್ನ ಅಜ್ಜ ಹೀಗೆ ಎರಡು ಮಾತಲ್ಲಿ ಮುಗಿಸಿದರು. ನಾನು ವೈಟ್‌ಬೋರ್ಡ್ ತುಂಬಾ ಬರೆದಿದ್ದೆ.

ಸರಿ, ಸದ್ದು ಕಳೆಯೋದು ಹೇಗೆ? ಆ ತಿಂಗಳು ಮಾಸ್ಟರ್ ಮಾಡಿಸಿದ್ದರಲ್ಲಿ ನನಗೆ ಹೆಚ್ಚು ಕೆಲಸ ಮಾಡಿದ್ದು ಹಳೇ ಪೇಪರ್. ಒಂದು ಹಾಳೆ ಪೇಪರ್ ಮೇಲೆ ಬರಿಗಾಲಿಟ್ಟು, ಅದನ್ನ ಜೊತೆಗೇ ಜಾರಿಸಿಕೊಂಡು ಹೆಜ್ಜೆ ಮುಂದಿಡಬೇಕು. ಪಾದ ಎತ್ತಿದರೆ ಪೇಪರ್ ಹಿಂದೆ ಉಳಿಯುತ್ತೆ, ಭಾರ ಹಾಕಿದರೆ ಹರಿಯುತ್ತೆ. ಪಾದ ನೇರ ಹೋಗದೆ ಇನ್ನೊಂದು ಕಾಲಿನ ಹತ್ತಿರ ಬಂದು ಅರ್ಧಚಂದ್ರದ ಹಾಗೆ ಹೊರಗೆ ಸಾಗಬೇಕು. ಕೊನೆಯಲ್ಲಿ ಪಾದದ ಮುಂಭಾಗ ಮೊದಲು ಮುಟ್ಟಿ, ಹಿಮ್ಮಡಿ ಆಮೇಲೆ ಕೂರಬೇಕು, ಮೈಭಾರ ಎಲ್ಲಕ್ಕಿಂತ ಕೊನೆಗೆ. ಮೊದಲ ವಾರ ದಿನಕ್ಕೆ ಹತ್ತು ಪೇಪರ್ ಹರೀತಿದ್ದೆ.

ಎರಡನೇದು ತಲೆಯ ಎತ್ತರ. ಹೆಜ್ಜೆ ನಡುವೆ ತಲೆ ಮೇಲೆದ್ದರೆ ಮತ್ತೆ ಕೆಳಗೆ ಬೀಳಲೇಬೇಕು, ಬಿದ್ದರೆ ಸದ್ದು. ಹಾಲಿನ ಎರಡು ಕಿಟಕಿ ಕಂಬಿಗೆ ಹಣೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ದಾರ ಕಟ್ಟಿ ಅದರ ಕೆಳಗೇ ನಡೆಸ್ತಿದ್ದರು. ತೊಡೆ ನಡುಗೋಕೆ ಶುರುವಾದರೆ ಸರಿಯಾಗಿ ಮಾಡ್ತಿದೀರಿ ಅಂತ ಅರ್ಥ. ಸದ್ದು ಮಾಡುವವರಲ್ಲಿ ಬಹಳ ಜನಕ್ಕೆ ನಿಜವಾದ ತೊಂದರೆ ಇಲ್ಲೇ ಇರೋದು: ತೊಡೆಯಲ್ಲಿ ಶಕ್ತಿ ಸಾಲದು, ಭಾರ ತಡೆದು ಇಳಿಸೋಕಾಗಲ್ಲ, ಅದಕ್ಕೆ ಬೀಳಿಸ್ತಾರೆ. ಹಾಗಾಗಿ ನಿಧಾನಗತಿಯ ಕಟಾ, ಒಂದೊಂದು ಹೆಜ್ಜೆಗೆ ಐದು ಸೆಕೆಂಡು.

ಮೂರನೇದು ನನ್ನದೇ ಪ್ರಯೋಗ, ನಿಮಗೆ ಇಷ್ಟವಾಗಬಹುದು. ಫೋನನ್ನ ನೆಲದ ಮೇಲಿಟ್ಟು ಕಟಾದ ಸದ್ದು ರೆಕಾರ್ಡ್ ಮಾಡಿ, ಫೈಲನ್ನ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿಯಲ್ಲಿ ತೆರೀರಿ. ಪ್ರತಿ ಪಂಚ್‌ಗೂ ಎರಡು ಮುಳ್ಳು ಕಾಣಿಸುತ್ತೆ: ಕಾಲಿನದೊಂದು, ಗೀ ತೋಳಿನದೊಂದು. ನನ್ನದರಲ್ಲಿ ಎರಡೂ ದೂರದೂರ ನಿಂತಿದ್ದವು, ತೀರ್ಪುಗಾರರು ಹೇಳಿದ್ದು ಅಕ್ಷರಶಃ ಪರದೆ ಮೇಲಿತ್ತು. ತಿಂಗಳ ಕೊನೆಗೆ ಕಾಲಿನ ಮುಳ್ಳು ಕುಗ್ಗಿ ತೋಳಿನದರ ಪಕ್ಕಕ್ಕೇ ಬಂದಿತ್ತು. ಯಾವ ಹೆಜ್ಜೆಯಲ್ಲಿ ತಪ್ಪಿದೆ ಅಂತ ಹುಡುಕೋಕೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ.

ಚೆನ್ನಾಗಿರೋ ಕಟಾ ಕಿವಿಯಿಂದ ಕೇಳಬೇಕು ಅಂದರೆ 2021ರ ಆಗಸ್ಟ್‌ನಲ್ಲಿ ಟೋಕಿಯೋದ ನಿಪ್ಪೊನ್ ಬುಡೋಕಾನ್‌ನಲ್ಲಿ ನಡೆದ ಒಲಿಂಪಿಕ್ಸ್ ಫೈನಲ್ ನೋಡಿ. ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲ, ಹಾಗಾಗಿ ಸಣ್ಣ ಸದ್ದೂ ಕೇಳಿಸುತ್ತೆ. ಪುರುಷರಲ್ಲಿ ಒಕಿನಾವಾದ ರ್ಯೊ ಕಿಯುನಾ 28.72 ಅಂಕಕ್ಕೆ, ಮಹಿಳೆಯರಲ್ಲಿ ಸ್ಪೇನಿನ ಸಾಂಡ್ರಾ ಸಾಂಚೆಜ್ 28.06 ಅಂಕಕ್ಕೆ ಚಿನ್ನ ಗೆದ್ದರು. ಒಮ್ಮೆ ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಕಾಲಿನ ಸದ್ದು ಬಂದ ಕಡೆಯೆಲ್ಲ ವಿಡಿಯೋ ನಿಲ್ಲಿಸಿ ಕೈ ಎಲ್ಲಿದೆ ನೋಡಿ.

ಹಾಲ್ ಏನಾಯ್ತು ಅಂತ ಕೇಳ್ತೀರೇನೋ. ಮೂರನೇ ವಾರ ಆ ಅಮ್ಮ ಮತ್ತೆ ಮೇಲೆ ಬಂದರು. ನಾವೆಲ್ಲ ಗಾಬರಿ. "ಇವತ್ತು ಕ್ಲಾಸ್ ಇಲ್ಲಂದ್ಕೊಂಡೆ, ಲೈಟ್ ಉರೀತಿತ್ತು, ಆರಿಸಾನ ಅಂತ ಬಂದೆ" ಅಂದರು. ಒಳಗೆ ನಲವತ್ತು ಜನ ತೆಕ್ಕಿ ಶೋದಾನ್‌ನ ಅರ್ಧದಲ್ಲಿದ್ದೆವು. ಮುಂದೆ ಫುಮಿಕೋಮಿ ಇತ್ತು. ಮಾಸ್ಟರ್ ಒಂದು ಸಲ ಅವರ ಕಡೆ, ಒಂದು ಸಲ ನಮ್ಮ ಕಡೆ ನೋಡಿ, ಎಣಿಕೆ ಮುಂದುವರಿಸಿದರು.