ಕಿರು ಅನುದಾನ ಮತ್ತು ಓಣಿಯ ಆರೋಗ್ಯ

ಹನಿ ಹನಿಗೂಡಿದರೆ ಹಳ್ಳ ಎಂಬ ನಾಣ್ಣುಡಿಯನ್ನು ಅರಿಯದ ಕನ್ನಡಿಗರಿಲ್ಲ. ಹಳ್ಳಿಗಳಲ್ಲಿ ನಮ್ಮ ಹಿರಿಯರು ಮುಯ್ಯಾಳುಗಳಾಗಿ ಒಬ್ಬರ ಹೊಲಕ್ಕೆ ಮತ್ತೊಬ್ಬರು ಹೋಗಿ ನಾಟಿ, ಕೊಯ್ಲುಗಳನ್ನು ಪೂರೈಸುತ್ತಿದ್ದರು. ಕೆರೆಯ ಹೂಳನ್ನು ಊರವರೆಲ್ಲ ಸೇರಿ ಎತ್ತುತ್ತಿದ್ದರು. ಉದ್ಯೋಗನಿಮಿತ್ತ ಮಹಾನಗರಗಳಿಗೆ ಬಂದು ನೆಲೆಸಿದ ಬಳಿಕ ಹೊಸಿಲಿನೊಳಗಿನದು ಮಾತ್ರ ನಮ್ಮದು, ಹೊರಗಿನದೆಲ್ಲ ಪಾಲಿಕೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ರೋಗವು ಹೊಸಿಲನ್ನು ಲೆಕ್ಕಿಸುವುದಿಲ್ಲ. ಅಲ್ಪ ಮೊತ್ತದ ಸರ್ಕಾರಿ ನೆರವಿನಿಂದ ಒಂದು ಓಣಿಯವರು ತಮ್ಮ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬಹುದೆಂಬುದನ್ನು ನೆರೆರಾಜ್ಯದ ಎರಡು ನಗರಗಳ ನಿದರ್ಶನದೊಂದಿಗೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಎರಡು ನಗರಗಳು

ವಿಶಾಖಪಟ್ಟಣವು ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ನಗರ. ವಿಜಯವಾಡವು ನಮ್ಮ ನಾಡನ್ನು ಹಾಯ್ದುಹೋಗುವ ಕೃಷ್ಣೆಯ ದಡದ ದೊಡ್ಡ ರೈಲ್ವೆ ಜಂಕ್ಷನ್. ದುಡಿಮೆಯನ್ನು ಅರಸಿ ಬಂದ ಜನರು ಎರಡೂ ಕಡೆ ಗುಡ್ಡದ ಇಳಿಜಾರುಗಳಲ್ಲಿಯೂ ತಗ್ಗು ಪ್ರದೇಶಗಳಲ್ಲಿಯೂ ಮನೆ ಕಟ್ಟಿಕೊಂಡರು. ಇಂಥ ಬಡಾವಣೆಗಳ ಸುಧಾರಣೆಗಾಗಿ ಬ್ರಿಟಿಷ್ ಸರ್ಕಾರದ ನೆರವಿನ ಯೋಜನೆಯೊಂದು 1988ರಲ್ಲಿ ವಿಶಾಖಪಟ್ಟಣದಲ್ಲಿ ಆರಂಭವಾಯಿತು. ಬಳಿಕ ವಿಜಯವಾಡದಲ್ಲಿಯೂ ನಡೆಯಿತು. ರಸ್ತೆ, ಚರಂಡಿ, ನಲ್ಲಿ, ದೀಪಗಳ ಜೊತೆಗೆ ಆರೋಗ್ಯ, ಶಿಕ್ಷಣ ಮತ್ತು ಜನಸಂಘಟನೆಯೂ ಅದರಲ್ಲಿ ಸೇರಿದ್ದವು.

ಇಂಥ ದೊಡ್ಡ ಯೋಜನೆಗಳು ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. ಕಟ್ಟುವುದು ಒಮ್ಮೆಯ ಕೆಲಸ, ಕಾಯುವುದು ನಿತ್ಯದ ಕೆಲಸ. ಯೋಜನೆಯ ಅವಧಿ ಮುಗಿದ ಮೇಲೆ ಚರಂಡಿಯ ಕಸವನ್ನು ತೆಗೆಯುವವರಾರು? ಒಡೆದ ನಲ್ಲಿಯ ವಿಚಾರವನ್ನು ಕಚೇರಿಗೆ ಮುಟ್ಟಿಸುವವರಾರು? ಕಿರು ಅನುದಾನದ ಉಪಯೋಗವು ಇಲ್ಲಿಯೇ ತಿಳಿದುಬರುತ್ತದೆ.

ಸಮಿತಿ ಮತ್ತು ಅದರ ನಿಧಿ

2013ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವನ್ನು ಮಂಜೂರು ಮಾಡಿತು. ಅದರನ್ವಯ ಬಡ ಬಡಾವಣೆಗಳಲ್ಲಿ 50ರಿಂದ 100 ಕುಟುಂಬಗಳಿಗೆ ಒಂದರಂತೆ ಮಹಿಳಾ ಆರೋಗ್ಯ ಸಮಿತಿಯು ರಚನೆಯಾಗಬೇಕು. ಓಣಿಯ ಹತ್ತು ಹನ್ನೆರಡು ಸ್ತ್ರೀಯರು ಸದಸ್ಯರಾಗಿದ್ದು, ಆಶಾ ಕಾರ್ಯಕರ್ತೆಯು ಅವರಿಗೆ ನೆರವಾಗುತ್ತಾಳೆ. ಈಗಾಗಲೇ ಇರುವ ಸ್ವಸಹಾಯ ಸಂಘಗಳ ಬುನಾದಿಯ ಮೇಲೆಯೂ ಸಮಿತಿಯನ್ನು ಕಟ್ಟಬಹುದು. ಆಂಧ್ರದ ಪಟ್ಟಣಗಳಲ್ಲಿ 2007ರಲ್ಲಿ ಸ್ಥಾಪಿತವಾದ ಮೆಪ್ಮಾ ಸಂಸ್ಥೆಯ ಆಶ್ರಯದಲ್ಲಿ ಇಂಥ ಸಂಘಗಳು ಹೇರಳವಾಗಿ ಬೆಳೆದಿರುವುದು ಅನುಕೂಲದ ಸಂಗತಿ.

ಪ್ರತಿ ಸಮಿತಿಗೂ ಅಭಿಯಾನದ ಮಾರ್ಗಸೂಚಿಯು ಗೊತ್ತುಪಡಿಸಿದ ಅನುದಾನ ವರ್ಷಕ್ಕೆ 5,000 ರೂಪಾಯಿ. ಯಾವ ಬಾಬಿಗೆ ಎಷ್ಟೆಂದು ಮೇಲಿನವರು ಮೊದಲೇ ನಿರ್ಧರಿಸದ ಮುಕ್ತ ನಿಧಿ ಇದು. ಓಣಿಯ ಅಗತ್ಯವನ್ನು ಓಣಿಯವರೇ ಗುರುತಿಸಬೇಕು, ಹಾಗೂ ವೆಚ್ಚವು ಒಂದು ಮನೆಗಲ್ಲದೆ ಹಲವರಿಗೆ ಪ್ರಯೋಜನಕರವಾಗಬೇಕು ಎಂಬುದು ಇದರ ತತ್ತ್ವ.

ಅಲ್ಪ ಮೊತ್ತದ ಬಲ

ಐದು ಸಾವಿರದಿಂದ ಏನಾದೀತು ಎಂದು ವಾಚಕರು ಕೇಳಬಹುದು. ಒಂದು ಸಣ್ಣ ಲೆಕ್ಕವನ್ನು ನೋಡೋಣ. 80 ಮನೆಗಳ ಓಣಿಯಲ್ಲಿ ಈ ಹಣವನ್ನು ಹಂಚಿದರೆ ಮನೆಗೆ ದೊರೆಯುವುದು 62 ರೂಪಾಯಿ 50 ಪೈಸೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅದೇ ಹಣದಿಂದ ಓಣಿಗೆಲ್ಲ ಸೇರಿ ಸಲಿಕೆ, ಪೊರಕೆ, ತೊಟ್ಟಿ ಉಜ್ಜುವ ಕುಂಚಗಳು, ಪೀಪಾಯಿಗಳಿಗೆ ಕಟ್ಟುವ ಬಟ್ಟೆ ಇವುಗಳನ್ನು ಕೊಂಡರೆ ಮಾತು ಬೇರೆಯಾಗುತ್ತದೆ.

ಡೆಂಗೆ ಜ್ವರವನ್ನೇ ತೆಗೆದುಕೊಳ್ಳಿ. ಅದನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ನಲ್ಲಿಯ ನೀರು ಸದಾಕಾಲ ಬಾರದೆಡೆ ಜನರು ತುಂಬಿಟ್ಟುಕೊಳ್ಳುವ ಪೀಪಾಯಿ, ತೊಟ್ಟಿಗಳೇ ಅದರ ತೊಟ್ಟಿಲು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಪಾತ್ರೆಯ ಒಳಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದಕಾರಣ ನೀರನ್ನು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಭಾಗವನ್ನು ಉಜ್ಜಿ ತೊಳೆಯಬೇಕು. ಈ ಸೊಳ್ಳೆಯು ಹುಟ್ಟಿದೆಡೆಯಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಿಗಿಂತ ದೂರ ಹಾರುವುದಿಲ್ಲ. ಅಂದರೆ ಅದರ ರಾಜ್ಯವು ಹೆಚ್ಚುಕಡಿಮೆ ಒಂದು ಓಣಿಯಷ್ಟೇ. ಎಪ್ಪತ್ತೊಂಬತ್ತು ಮನೆಯವರು ತೊಳೆದು ಒಂದು ಮನೆಯವರು ಬಿಟ್ಟರೆ ಅಪಾಯವು ಉಳಿಯುತ್ತದೆ. ರೋಗದ ವ್ಯಾಪ್ತಿ, ಸಮಿತಿಯ ವ್ಯಾಪ್ತಿ, ಹಣದ ವ್ಯಾಪ್ತಿ ಮೂರೂ ಒಂದಕ್ಕೊಂದು ಹೊಂದುವುದರಿಂದಲೇ ಈ ಅಲ್ಪ ಮೊತ್ತಕ್ಕೆ ಬಲ ಬರುತ್ತದೆ.

ವಿಪತ್ತಿನ ಕಾಲದಲ್ಲಿ ಇಂಥ ಸಂಘಟನೆಯ ಬೆಲೆ ಇನ್ನೂ ಹೆಚ್ಚು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನು ಅಪ್ಪಳಿಸಿದಾಗ ವಿದ್ಯುತ್ತು, ನೀರು ಎರಡೂ ನಿಂತುಹೋದವು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆಯು ಉಕ್ಕಿ ವಿಜಯವಾಡದ ಸಿಂಗ್‌ನಗರ ಮೊದಲಾದ ಭಾಗಗಳು ಜಲಾವೃತವಾದವು. ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಎಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ ಎಂಬುದು ಇಂಥ ಸಮಯದಲ್ಲಿ ಮೊದಲು ತಿಳಿಯಬೇಕಾದ ಸಂಗತಿ. ಪಟ್ಟಿಯನ್ನು ಮೊದಲೇ ಬರೆದಿಟ್ಟ ಓಣಿಯವರು ಹುಡುಕಾಟದಲ್ಲಿ ಹೊತ್ತು ಕಳೆಯಬೇಕಾಗಿಲ್ಲ.

ನೆನಪಿಡಬೇಕಾದ ಅಂಶಗಳು

1. ಮೊದಲು ಸಭೆ, ಬಳಿಕ ವೆಚ್ಚ. ಮುಖ್ಯ ತೊಂದರೆ ಯಾವುದೆಂದು ಎಲ್ಲರೂ ಕೂಡಿ ನಿರ್ಧರಿಸಬೇಕು.

2. ಕಾಲವನ್ನು ಅರಿತು ಖರ್ಚುಮಾಡಬೇಕು. ಸೊಳ್ಳೆಯ ನಿಯಂತ್ರಣಕ್ಕಾಗಿ ಇಟ್ಟ ಹಣ ಮಳೆಗಾಲಕ್ಕೆ ಮುಂಚೆಯೇ ವಿನಿಯೋಗವಾಗಬೇಕು.

3. ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಬೇಕು. ಹತ್ತು ರೂಪಾಯಿಯ ಸಂಶಯವು ಹತ್ತು ವರ್ಷದ ಸ್ನೇಹವನ್ನು ಕೆಡಿಸಬಲ್ಲದು.

4. ಹಣದೊಡನೆ ಶ್ರಮವೂ ಸೇರಬೇಕು. ವಾರಕ್ಕೊಂದು ಗಂಟೆ ಕೊಡದ ಓಣಿಗೆ ಯಾವ ಅನುದಾನವೂ ಸಾಲದು.

5. ಇದು ಪಾಲಿಕೆಯ ಹೊಣೆಗೆ ಬದಲಿಯಲ್ಲ. ಐದು ಸಾವಿರದಿಂದ ಚರಂಡಿಯನ್ನು ಕಟ್ಟಲಾಗದು. ಅದನ್ನು ಕಟ್ಟಿಕೊಡಿರೆಂದು ಒಗ್ಗಟ್ಟಿನಿಂದ ಕೇಳುವ ಶಕ್ತಿಯನ್ನು ಸಮಿತಿಯು ಕೊಡುತ್ತದೆ.

ನಮ್ಮ ಕರ್ತವ್ಯ

ಪರಸ್ಥಳದಿಂದ ಬಂದವರು ನಾವು, ಸ್ಥಳೀಯರ ಸಭೆಯಲ್ಲಿ ನಮಗೇನು ಕೆಲಸ ಎಂದು ಕನ್ನಡಿಗರು ಹಿಂಜರಿಯುವುದುಂಟು. ಈ ಸಂಕೋಚ ಸಲ್ಲದು. ತೆಲುಗು ಲಿಪಿಯು ನಮ್ಮ ಲಿಪಿಗೆ ಒಡಹುಟ್ಟಿದಂತಿರುವುದರಿಂದ ಆಂಧ್ರದಲ್ಲಿರುವ ಕನ್ನಡಿಗರಿಗೆ ಆರೋಗ್ಯ ಕೇಂದ್ರದ ಫಲಕವನ್ನು ಓದುವುದು ಕಷ್ಟವಲ್ಲ. ಲೆಕ್ಕ ಬರೆಯಲು, ಅರ್ಜಿ ಸಿದ್ಧಪಡಿಸಲು ಬಲ್ಲವರ ಕೊರತೆ ಇರುವ ಸಮಿತಿಗೆ ನಮ್ಮ ಸುಶಿಕ್ಷಿತ ಸೋದರಿಯರು ನೆರವಾಗಬಹುದು. ಬಹುಮಹಡಿ ಕಟ್ಟಡದಲ್ಲಿ ವಾಸಿಸುವವರು ತಮ್ಮ ಹೂಕುಂಡದ ತಟ್ಟೆಯಲ್ಲಿ, ಮಾಳಿಗೆಯ ತೊಟ್ಟಿಯಲ್ಲಿ ನಿಂತ ನೀರನ್ನೂ ಪರೀಕ್ಷಿಸಲಿ; ಪಕ್ಕದ ಬಡ ಓಣಿಗೆ ಜ್ವರವು ನಮ್ಮ ಮನೆಯಿಂದಲೂ ಹೋಗಬಹುದು.

ಎಲ್ಲೇ ಇರಲಿ, ಮಕ್ಕಳು ಆಡುವ ಓಣಿಯೇ ನಮ್ಮ ಊರು. ಆ ಊರಿನ ಆರೋಗ್ಯಕ್ಕಾಗಿ ಬರುವ ಅಲ್ಪ ಅನುದಾನವನ್ನು ಕೇಳಿ ಪಡೆಯುವುದೂ ಕೂಡಿ ಬಳಸುವುದೂ ನಮ್ಮೆಲ್ಲರ ಕರ್ತವ್ಯವಾಗಿದೆ.