ವಿದೇಶದ ಓದೋ, ಊರಿನ ಉದ್ಯೋಗವೋ?

ಯುವಜನರಿಗೂ ಹೆತ್ತವರಿಗೂ ಒಂದು ಅಧ್ಯಯನ ಪಾಠ
ಓದಿಕೊಳ್ಳಿರಿ: ಲೂಕ 14:28–30



ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಕೆಲವು ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗ ಅಥವಾ ಮಗಳ ಕೊನೆಯ ಸೆಮಿಸ್ಟರ್ ಮುಗಿದಿದೆ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಕಾದಿದೆ. ಹೊರದೇಶದ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರವೂ ಬಂದಿದೆ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಒಂದು ಮನೆಯ ಮಾತನ್ನು, ಗುರುತು ಸಿಗದಂತೆ ಸ್ವಲ್ಪ ಬದಲಿಸಿ, ಇಲ್ಲಿ ಹೇಳುತ್ತೇವೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ಹಿರಿಮಗಳು. ಬೆಂಗಳೂರಿನ ಕೆಲಸಕ್ಕೆ ವರ್ಷಕ್ಕೆ ಎಂಟು ಲಕ್ಷ ಸಂಬಳ. ಜತೆಗೆ ಜರ್ಮನಿಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದಿಗೆ ಸೀಟು. ತಂದೆ ಒಂದೇ ಮಾತಿನಲ್ಲಿ ಹೇಳಿದರು: “ಹೋಗು ಮಗಾ, ತೋಟ ಇರುವುದು ಮತ್ತೆ ಯಾಕೆ?” ಅಡಿಕೆ ತೋಟ ಅಡವಿಟ್ಟು ಸಾಲ ತೆಗೆಯಲು ಅವರು ಸಿದ್ಧ. ಆ ಹುಡುಗಿ ನಮ್ಮೊಡನೆ ಅಂದದ್ದು ಇಷ್ಟು: “ಪಪ್ಪ ಬೇಡ ಅಂದಿದ್ದರೆ ಸುಲಭವಿತ್ತು. ಹೂಂ ಅಂದದ್ದೇ ಭಾರವಾಗಿದೆ.”

ಈ ಭಾರವನ್ನು ಇಳಿಸುವುದು ಹೇಗೆ?

1. ಮೊದಲು ಗುರಿ, ಆಮೇಲೆ ದಾರಿ

ಓದು ಒಳ್ಳೆಯದು, ದುಡಿಮೆಯೂ ಒಳ್ಳೆಯದು. ಒಂದು ಪುಣ್ಯ, ಇನ್ನೊಂದು ಪಾಪ ಎಂಬಂತಿದ್ದರೆ ಆಯ್ಕೆ ಸುಲಭ. ಎರಡು ಒಳಿತುಗಳ ನಡುವೆ ಆರಿಸುವುದೇ ಕಷ್ಟ. ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂಬ ಪುಸ್ತಕದಲ್ಲಿ ಇಂಥ ಆಯ್ಕೆಗೆಂದೇ ಒಂದು ಭಾಗ ಬರೆದಿದ್ದಾರೆ. ನಾವು ಮಾಡುವ ದೊಡ್ಡ ತಪ್ಪನ್ನು ಅವರು ತೋರಿಸಿಕೊಡುತ್ತಾರೆ: ಮೊದಲು ನಮಗಿಷ್ಟವಾದ ದಾರಿ ಹಿಡಿದು, ಅದಕ್ಕೆ ಹೊಂದುವಂತೆ ಗುರಿಯನ್ನು ಆಮೇಲೆ ಎಳೆದು ತರುವುದು.

ಆದ್ದರಿಂದ “ಹೋಗಲೋ ಬೇಡವೋ” ಎನ್ನುವ ಮೊದಲು “ಯಾತಕ್ಕೆ” ಎಂದು ಕೇಳಿಕೊಳ್ಳಿ. ನಾನು ಮಾಡಬೇಕೆಂದಿರುವ ಕೆಲಸ ಯಾವುದು? ಈ ಓದಿಲ್ಲದೆ ಅದನ್ನು ಮಾಡಲು ಆಗುವುದಿಲ್ಲವೇ? ಸಂಶೋಧನೆಯೋ ಒಂದು ವಿಶೇಷ ತಂತ್ರಜ್ಞಾನವೋ ಗುರಿಯಾಗಿದ್ದರೆ ಹೊರಗಿನ ಓದಿಗೆ ಬಲವಾದ ಕಾರಣ ಇದೆ. ಗೆಳೆಯರೆಲ್ಲ ಹೊರಟರು, ನೆಂಟರು ಕೇಳುತ್ತಾರೆ, ಹೇಗಾದರೂ ಆ ದೇಶಕ್ಕೆ ಸೇರಿಕೊಂಡರೆ ಸಾಕು ಎಂಬುದಷ್ಟೇ ಉತ್ತರವಾದರೆ ಸ್ವಲ್ಪ ನಿಲ್ಲಿ. ಉದ್ಯೋಗಕ್ಕೂ ಇದೇ ಪ್ರಶ್ನೆ ಕೇಳಿ. ಹೆದರಿಕೆಯಿಂದ ಊರಲ್ಲಿ ಉಳಿಯುವುದನ್ನು ತ್ಯಾಗ ಎನ್ನಲಾಗದು.

2. ಗೋಪುರದ ಲೆಕ್ಕ

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದರು. ಶಿಷ್ಯರಾಗುವುದಕ್ಕೆ ತೆರಬೇಕಾದ ಬೆಲೆಯನ್ನು ತಿಳಿಸಲು ಅವರು ಈ ಹೋಲಿಕೆ ಕೊಟ್ಟರು. ಆದರೂ ‘ಕುಳಿತು’ ಎಂಬ ಮಾತು ನಮಗೂ ಬೇಕು. ನಾವೂ ಆ ಮನೆಯವರೊಡನೆ ಕುಳಿತೆವು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಪಡೆಯುವುದಿಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನ ವೆಚ್ಚಕ್ಕೆ ದುಡ್ಡಿದೆ ಎಂದು ತೋರಿಸಬೇಕು. ಇದಕ್ಕಾಗಿ ವಿಶೇಷ ಖಾತೆಯಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೊ. ನಮ್ಮ ಹಣದಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿ ಇದೆ. ಆದರೆ ಕೆಲಸ ಸಿಕ್ಕೇ ಸಿಗುತ್ತದೆಂದು ನಂಬಿ ಲೆಕ್ಕ ಹಾಕಬಾರದು.

20 ಲಕ್ಷ ಸಾಲ, ಶೇಕಡಾ 11 ಬಡ್ಡಿ ಎಂದಿಟ್ಟುಕೊಳ್ಳೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎನ್ನುತ್ತಾರೆ, ಅದು ನಿಜ. ಆದರೆ ಬಡ್ಡಿ ನಿಲ್ಲುವುದಿಲ್ಲ. ಪೂರ್ತಿ ಹಣ ಮೊದಲೇ ತೆಗೆದಿದ್ದರೆ ಮೂರು ವರ್ಷದ ಬಡ್ಡಿಯೇ 6.6 ಲಕ್ಷ. ಒಟ್ಟು 26.6 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 36,600 ರೂಪಾಯಿ ಕಂತು. ಅಲ್ಲೇ ಒಳ್ಳೆಯ ಕೆಲಸ ಸಿಕ್ಕರೆ ಇದು ತೀರೀತು. ಕೆಲಸ ಸಿಗದೆ ಮರಳಿ ಬಂದು, ಅದೇ ಎಂಟು ಲಕ್ಷದ ಉದ್ಯೋಗ ಹಿಡಿದರೆ? ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಆಗ ಉಳಿಯುವುದು ತೋಟದ ಪ್ರಶ್ನೆ.

ಇನ್ನೊಂದು ಮಾತು ನಮ್ಮ ಗಡಿನಾಡಿಗೆ ವಿಶೇಷವಾದದ್ದು. ಸಾಲದ ಒಪ್ಪಂದ ಇಂಗ್ಲಿಷಿನಲ್ಲಿ, ಜಾಗದ ದಾಖಲೆ ಮಲಯಾಳದಲ್ಲಿ, ಸಹಿ ಹಾಕುವ ಪಪ್ಪ ಓದಿದ್ದು ಕನ್ನಡದಲ್ಲಿ. ಪ್ರತಿಯೊಂದು ಪುಟವನ್ನೂ ಮಕ್ಕಳು ಹೆತ್ತವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಸಾಲ ತೀರದಿದ್ದರೆ ಏನಾಗುತ್ತದೆಂಬ ಪುಟವನ್ನು ಎರಡು ಸಲ ಓದಿ ಹೇಳಬೇಕು. ಅದು ತಿಳಿದ ಮೇಲೆ ಕೊಟ್ಟ ಒಪ್ಪಿಗೆಯೇ ನಿಜವಾದ ಒಪ್ಪಿಗೆ.

3. ಪರದೇಶದಲ್ಲಿ ಓದಿದ ಸಂತರು

ಇಗ್ನೇಷಿಯಸ್ ಸ್ವತಃ ವಿದೇಶದಲ್ಲಿ ಓದಿದವರು. 1521ರಲ್ಲಿ ಯುದ್ಧದಲ್ಲಿ ಕಾಲಿಗೆ ಗಾಯವಾಗಿ ಬದುಕಿನ ದಿಕ್ಕೇ ಬದಲಾಯಿತು. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ಕಲಿಯತೊಡಗಿ, 1528ರಲ್ಲಿ ಪ್ಯಾರಿಸ್ ತಲುಪಿದರು. ಅಲ್ಲಿ ತಮ್ಮ ಹಣವನ್ನು ಜತೆಯಲ್ಲಿದ್ದವನೊಬ್ಬನ ಕೈಗೆ ಕೊಟ್ಟಿಟ್ಟರು. ಅವನು ಖರ್ಚು ಮಾಡಿಬಿಟ್ಟ. ಬಾಡಿಗೆಗೆ ಗತಿಯಿಲ್ಲದೆ ದೂರದ ಧರ್ಮಛತ್ರದಲ್ಲಿ ತಂಗಿದರು, ಪಾಠ ತಪ್ಪಿಸಿಕೊಂಡರು, ಭಿಕ್ಷೆ ಬೇಡಿದರು. ಭಿಕ್ಷೆಯಲ್ಲೇ ಓದು ಹಾಳಾಗುತ್ತಿದೆ ಎಂದು ಅರಿತಾಗ ದಾರಿ ಬದಲಿಸಿದರು: ವರ್ಷಕ್ಕೊಮ್ಮೆ ಫ್ಲಾಂಡರ್ಸಿಗೆ ಹೋಗಿ ಅಲ್ಲಿನ ಸ್ಪೇನಿನ ವರ್ತಕರಿಂದ ವರ್ಷದ ಖರ್ಚನ್ನು ಒಟ್ಟಿಗೆ ಕೂಡಿಸಿಕೊಂಡು ಬಂದು, ಉಳಿದ ಕಾಲ ಓದಿದರು. ದೇವರಲ್ಲಿ ಭರವಸೆ ಇಟ್ಟವರೇ ಖರ್ಚಿನ ದಾರಿಯನ್ನೂ ಹುಡುಕಿಕೊಂಡರು. ಪ್ಯಾರಿಸಿನಲ್ಲಿ ಅವರೊಡನೆ ಒಂದೇ ಕೋಣೆಯಲ್ಲಿದ್ದ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವಾಕ್ಕೆ ಬಂದಿಳಿದದ್ದು ನಿಮಗೆ ಗೊತ್ತೇ ಇದೆ.

4. ಮೂರನೆಯ ದಾರಿಯೂ ಇದೆ

ಈಗಲೇ ಹೋಗುವುದು, ಎಂದೂ ಹೋಗದಿರುವುದು ಎಂಬ ಎರಡೇ ದಾರಿಗಳಿಲ್ಲ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮವೂ ಇದೆ. ಅಭಿವೃದ್ಧಿಗೆ ಸಂಬಂಧಿಸಿದ ಕೋರ್ಸುಗಳಿಗೆ ಜರ್ಮನಿಯ ಡಾಡ್ ಸಂಸ್ಥೆ ಕೊಡುವ ವೇತನಕ್ಕೂ ಎರಡು ವರ್ಷದ ಅನುಭವ ಬೇಕು. ಎಂದರೆ, ಮೊದಲು ದುಡಿದವರಿಗೆ ಕೆಲವು ಬಾಗಿಲುಗಳು ತೆರೆಯುತ್ತವೆ. ಉಳಿತಾಯವಾದಷ್ಟು ಸಾಲವೂ ಕಡಿಮೆ.

ಅಪಾಯವನ್ನೂ ಹೇಳಬೇಕು. ಸಂಬಳ ರೂಢಿಯಾಗುತ್ತದೆ. ಬೈಕಿನ ಕಂತು, ಮನೆಯ ಕಂತು, ಹೆಣ್ಣುಮಕ್ಕಳಿಗೆ ಮದುವೆಯ ಪ್ರಸ್ತಾಪ ಒಂದರ ಹಿಂದೆ ಒಂದು ಬಂದು ‘ಎರಡು ವರ್ಷ’ ಮುಗಿಯುವುದೇ ಇಲ್ಲ. ಐಇಎಲ್‌ಟಿಎಸ್ ಅಂಕಗಳಿಗೂ ಸಾಮಾನ್ಯವಾಗಿ ಎರಡೇ ವರ್ಷದ ಬೆಲೆ. ಆದ್ದರಿಂದ ಕಾಯುವುದಾದರೆ ಮತ್ತೆ ಅರ್ಜಿ ಹಾಕುವ ತಿಂಗಳನ್ನು ಬರೆದಿಡಿ. ಮನೆಯವರೂ ಅದನ್ನು ಒಪ್ಪಲಿ.

5. ತೀರ್ಮಾನಿಸುವ ಬಗೆ

ಇಗ್ನೇಷಿಯಸ್ ತೋರಿಸಿದ ಕ್ರಮ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಒಂದು: ಹೋದರೆ ಆಗುವ ಲಾಭ, ಹೋದರೆ ಆಗುವ ನಷ್ಟ, ಹೋಗದಿದ್ದರೆ ಆಗುವ ಲಾಭ, ಹೋಗದಿದ್ದರೆ ಆಗುವ ನಷ್ಟ ಎಂದು ನಾಲ್ಕು ಪಟ್ಟಿ ಬರೆಯಿರಿ.

ಎರಡು: ಗುರುತೇ ಇಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ಏನು ಸಲಹೆ ಕೊಡುತ್ತೀರಿ? ಅದನ್ನೇ ನಿಮಗೆ ಹೇಳಿಕೊಳ್ಳಿ.

ಮೂರು: ಮರಣದ ಹಾಸಿಗೆಯಲ್ಲಿ ನಿಂತು ಹಿಂದೆ ನೋಡಿದರೆ ಯಾವ ಆಯ್ಕೆ ಮಾಡಿದ್ದರೆ ಚೆನ್ನಾಗಿತ್ತು ಅನಿಸೀತು?

ನಾಲ್ಕು: ಮನಸ್ಸು ಕುಗ್ಗಿದಾಗ ಹಿಂದಿನ ತೀರ್ಮಾನ ಬದಲಿಸಬೇಡಿ. ಕೊನೆಗೆ ಬಂದ ಉತ್ತರವನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಡಿ.

ಆ ಹುಡುಗಿ ನಾಲ್ಕು ಪಟ್ಟಿ ಬರೆದು, ತಂದೆಗೆ ಓದಿ ಹೇಳಿ, ಬೆಂಗಳೂರಿನ ಕೆಲಸಕ್ಕೆ ಸೇರಿದಳು. ಮತ್ತೆ ಅರ್ಜಿ ಹಾಕುವ ತಿಂಗಳನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ. ಅದೇ ವರ್ಷ ಇನ್ನೊಂದು ವಾಳೆಯ ಹುಡುಗ ಸಣ್ಣ ಸಾಲ ಮಾಡಿ ಹೊರಟ; ಅವನಿಗೆ ಅದೇ ಸರಿಯಾಗಿತ್ತು. ಅವಳ ಉತ್ತರ ನಿಮ್ಮದಾಗಬೇಕಿಲ್ಲ, ಅವನದೂ ಅಲ್ಲ.

ಕಡೆಯದಾಗಿ ನಮ್ಮದೇ ಒಂದು ತಪ್ಪೊಪ್ಪಿಗೆ. ಹೊರದೇಶಕ್ಕೆ ಹೊರಟವರನ್ನು ನಾವು ಬಲಿಪೂಜೆಯ ಬಳಿಕ ಹೆಸರು ಕರೆದು ಅಭಿನಂದಿಸುತ್ತೇವೆ. ಮನೆಯ ಸಲುವಾಗಿ ಉಳಿದವರ ಬಗ್ಗೆ ಸುಮ್ಮನಿರುತ್ತೇವೆ. ಸಾಲ ಹೊತ್ತು ಮರಳಿ ಬಂದವರನ್ನು ಕಂಡರೆ ಏನು ಮಾತಾಡಬೇಕೆಂದೇ ತಿಳಿಯುವುದಿಲ್ಲ. ಇನ್ನು ಮುಂದೆ ಹೋಗುವವರಿಗೂ ಉಳಿಯುವವರಿಗೂ ಮರಳಿದವರಿಗೂ ಒಟ್ಟಿಗೆ ಪ್ರಾರ್ಥಿಸೋಣ.

ವಾಳೆಯ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಇಂಥ ತೀರ್ಮಾನ ಮಾಡಿದಾಗ ಯಾರ ಮಾತನ್ನು ಕೇಳಲಿಲ್ಲ?
2. “ನೆಂಟರು ಏನೆನ್ನುತ್ತಾರೆ” ಎಂಬುದು ನಮ್ಮ ಆಯ್ಕೆಯನ್ನು ಎಷ್ಟು ನಡೆಸುತ್ತದೆ?
3. ಸಾಲದ ಕಾಗದ ಓದಿ ಅರ್ಥ ಹೇಳಬಲ್ಲವರು ನಮ್ಮ ವಾಳೆಯಲ್ಲಿ ಯಾರಿದ್ದಾರೆ? ಅವರು ತಿಂಗಳಿಗೊಂದು ಭಾನುವಾರ ಒಂದು ಗಂಟೆ ಕೊಡಬಲ್ಲರೇ?